ನಿಮಿಷಕ್ಕೆ ಐದೇ ಬಡಿತ: ಚಳಿನಿದ್ದೆಗೆ ಜಾರೋ ಹೃದಯ ನಿಲ್ಲೋದಿಲ್ಲ ಯಾಕೆ?

(ಈ ವಾರದ ಎಪಿಸೋಡ್‌ನ ಬರಹ ರೂಪ)



ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ ಒಂದು ಸಣ್ಣ ಕೆಲಸ ಮಾಡಿ. ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳು ಇಟ್ಟು ನಾಡಿ ಹುಡುಕಿ. ಸಿಕ್ತಾ? ಸುಮ್ಮನೆ ಕೂತಿರೋ ಆರೋಗ್ಯವಂತರಿಗೆ ಅದು ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತೆ. ಅಂದ್ರೆ ಹೆಚ್ಚೂ ಕಡಿಮೆ ಸೆಕೆಂಡಿಗೊಂದು.

ಈಗ ಊಹಿಸಿಕೊಳ್ಳಿ. ಒಂದು ಬಡಿತ ಆಯ್ತು. ಆಮೇಲೆ 12 ಸೆಕೆಂಡ್ ಏನೂ ಇಲ್ಲ. ಆಮೇಲೆ ಇನ್ನೊಂದು ಬಡಿತ. ಮತ್ತೆ 12 ಸೆಕೆಂಡ್ ಮೌನ. ಮನುಷ್ಯನಿಗೆ ಹೀಗಾದ್ರೆ ಆಸ್ಪತ್ರೆಯ ಮಾನಿಟರ್ ಕಿರುಚೋಕೆ ಶುರು ಮಾಡುತ್ತೆ. ಆದರೆ ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿರೋ, ಮೈಮೇಲೆ ಹದಿಮೂರು ಪಟ್ಟೆ ಇರೋ ಒಂದು ನೆಲ ಅಳಿಲಿಗೆ ಚಳಿಗಾಲದಲ್ಲಿ ಇದು ಮಾಮೂಲಿ. ಎಚ್ಚರ ಇದ್ದಾಗ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯೋ ಹೃದಯ, ಬಿಲದೊಳಗೆ ಮುದುಡಿ ಮಲಗಿದ ಮೇಲೆ ನಾಲ್ಕೈದಕ್ಕೆ ಇಳಿಯುತ್ತೆ. ವಸಂತ ಬಂದ ಕೂಡಲೇ ಎದ್ದು ಓಡುತ್ತೆ. ಹಾರ್ಟ್ ಅಟ್ಯಾಕ್ ಇಲ್ಲ, ಏನೂ ಇಲ್ಲ.

ಇದೇ ಇವತ್ತಿನ ಪ್ರಶ್ನೆ. ಅಷ್ಟು ಚಳಿಯಲ್ಲಿ, ಅಷ್ಟು ನಿಧಾನದಲ್ಲಿ ಆ ಹೃದಯ ಉಳಿಯೋದು ಹೇಗೆ? ಮತ್ತೆ, ನಮ್ಮ ಮನೆಯವರ ಎಕೋ ರಿಪೋರ್ಟ್‌ಗೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ, ಕೊನೆ ತನಕ ಇರಿ.

ಇದು ನಿದ್ದೆನೇ ಅಲ್ಲ

ಇಂಗ್ಲಿಷಿನ ಹೈಬರ್ನೇಶನ್‌ಗೆ ನಾವು ಶಿಶಿರನಿದ್ರೆ, ಚಳಿನಿದ್ದೆ ಅಂತೆಲ್ಲ ಹೇಳ್ತೀವಿ. ಆದರೆ ನಿಜವಾಗಿ ನೋಡಿದ್ರೆ ಇದು ನಿದ್ದೆ ಅಲ್ಲ. ರಾತ್ರಿ ಮಲಗಿದಾಗ ನಮ್ಮ ದೇಹದ ಶಕ್ತಿ ಖರ್ಚು ಸ್ವಲ್ಪ ಮಾತ್ರ ಇಳಿಯುತ್ತೆ. ಚಳಿನಿದ್ದೆಯಲ್ಲಿ ನೆಲ ಅಳಿಲಿನ ಖರ್ಚು ಮಾಮೂಲಿ ಮಟ್ಟದ ಒಂದೆರಡು ಶೇಕಡಾಕ್ಕೆ ಬಂದು ನಿಲ್ಲುತ್ತೆ. ಮೈ ಬಿಸಿ ಸುತ್ತಲಿನ ಮಣ್ಣಿನಷ್ಟೇ ಆಗುತ್ತೆ.

ಅಲಾಸ್ಕಾದ ಆರ್ಕ್ಟಿಕ್ ನೆಲ ಅಳಿಲು ಇನ್ನೂ ಮುಂದೆ ಹೋಗುತ್ತೆ. ಫೇರ್‌ಬ್ಯಾಂಕ್ಸ್‌ನ ಅಲಾಸ್ಕಾ ವಿಶ್ವವಿದ್ಯಾಲಯದ ಬ್ರಯಾನ್ ಬಾರ್ನ್ಸ್ 1989ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಳತೆ ಪ್ರಕಟಿಸಿದರು. ಮಲಗಿರೋ ಅಳಿಲಿನ ದೇಹದೊಳಗಿನ ಉಷ್ಣತೆ ಮೈನಸ್ 2.9 ಡಿಗ್ರಿ ಸೆಲ್ಸಿಯಸ್ ತನಕ ಇಳಿದಿತ್ತು. ಸೊನ್ನೆಗಿಂತ ಕೆಳಗೆ! ಆದರೂ ಮೈಯಲ್ಲಿನ ನೀರು ಮಂಜುಗಡ್ಡೆ ಆಗಿರಲಿಲ್ಲ. ವರ್ಷದಲ್ಲಿ ಏಳೆಂಟು ತಿಂಗಳು ಇದರ ಜೀವನ ಹೀಗೇ.

ಕರಡಿಯದ್ದು ಬೇರೆ ರೀತಿ. 2011ರಲ್ಲಿ ಅದೇ ಫೇರ್‌ಬ್ಯಾಂಕ್ಸ್‌ನಲ್ಲಿ ಕಪ್ಪು ಕರಡಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೈ ಬಿಸಿ 30 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಆದರೂ ಶಕ್ತಿ ಖರ್ಚು ಕಾಲು ಭಾಗಕ್ಕೆ ಇಳಿದಿತ್ತು. ಹೃದಯ ಬಡಿತ ಸುಮಾರು 55ರಿಂದ 14ರ ಆಸುಪಾಸಿಗೆ. ಉಸಿರು ಎಳೆದುಕೊಂಡಾಗ ಒಂದಿಷ್ಟು ಬಡಿತ, ಆಮೇಲೆ ಎಷ್ಟೋ ಹೊತ್ತು ಸುಮ್ಮನೆ. ಕೆಲವು ಸಲ 20 ಸೆಕೆಂಡ್ ತನಕ ಒಂದೂ ಬಡಿತ ಇಲ್ಲ.

ನಿಮ್ಮಲ್ಲಿ ಯಾರೋ ಖಂಡಿತ ಕೇಳ್ತೀರ, ನಮ್ಮ ದರೋಜಿಯ ಕರಡಿಗಳೂ ಹೀಗೆ ಮಲಗ್ತಾವಾ ಅಂತ. ಇಲ್ಲ. ನಮ್ಮ ಕಡೆಯ ಕರಡಿಗೆ ಗೆದ್ದಲು, ಇರುವೆ, ಹಣ್ಣು ಅಂತ ವರ್ಷಪೂರ್ತಿ ಏನಾದ್ರೂ ಸಿಗುತ್ತೆ. ಊಟ ಸಿಗೋವಾಗ ಅಂಗಡಿ ಮುಚ್ಚೋ ಅಗತ್ಯ ಏನು? ಚಳಿನಿದ್ದೆ ಶುರುವಾಗಿದ್ದೇ ಆಹಾರ ಸಿಗದ ತಿಂಗಳುಗಳನ್ನ ದಾಟೋಕೆ.

ನಾವು ಯಾಕೆ ಸಾಯ್ತೀವಿ?

ಈಗ ಮನುಷ್ಯರ ಕಡೆ ಬರೋಣ. ನಮ್ಮ ಮೈ ಬಿಸಿ 37 ಡಿಗ್ರಿ. 35ಕ್ಕಿಂತ ಕೆಳಗೆ ಹೋದ್ರೆ ಹೈಪೋಥರ್ಮಿಯಾ. ಮೊದಲು ಗಡಗಡ ನಡುಗ್ತೀವಿ. ಇನ್ನೂ ಇಳಿದ್ರೆ ನಡುಕ ನಿಲ್ಲುತ್ತೆ, ಬುದ್ಧಿ ಮಂಕಾಗುತ್ತೆ. 28ಕ್ಕಿಂತ ಕೆಳಗೆ ನಿಜವಾದ ಅಪಾಯ. ಹೃದಯದ ಕೆಳ ಕೋಣೆಗಳು ಒಟ್ಟಿಗೆ ಹಿಂಡೋದು ಬಿಟ್ಟು, ಚೀಲದಲ್ಲಿ ಹುಳ ಹರಿದಾಡಿದ ಹಾಗೆ ಅದುರೋಕೆ ಶುರು ಮಾಡಬಹುದು. ಇದನ್ನ ಫಿಬ್ರಿಲೇಶನ್ ಅಂತಾರೆ. ಅದುರೋ ಹೃದಯ ರಕ್ತ ಪಂಪ್ ಮಾಡೋದಿಲ್ಲ.

ಅಪವಾದಗಳೂ ಇವೆ. 1999ರ ಮೇ ತಿಂಗಳಲ್ಲಿ ನಾರ್ವೆಯಲ್ಲಿ ಅನ್ನಾ ಬೋಗೆನ್‌ಹೋಮ್ ಅನ್ನೋ ವೈದ್ಯೆ ಸ್ಕೀಯಿಂಗ್ ಮಾಡುವಾಗ ಹಳ್ಳಕ್ಕೆ ಬಿದ್ದು ಮಂಜುಗಡ್ಡೆ ಕೆಳಗೆ ಸಿಕ್ಕಿಹಾಕಿಕೊಂಡರು. ಒಟ್ಟು 80 ನಿಮಿಷ. ಮೊದಲ ಸುಮಾರು 40 ನಿಮಿಷ ಮಂಜಿನ ಕೆಳಗಿನ ಒಂದು ಗಾಳಿ ಗುಳ್ಳೆಯಲ್ಲಿ ಉಸಿರಾಡ್ತಾ ಇದ್ದರು. ಹೊರಗೆ ತೆಗೆದಾಗ ಹೃದಯ ನಿಂತಿತ್ತು. ಮೈ ಬಿಸಿ 13.7 ಡಿಗ್ರಿ ತನಕ ಇಳಿದಿತ್ತು. ಟ್ರೋಮ್ಸೊ ನಗರದ ಆಸ್ಪತ್ರೆಯಲ್ಲಿ ರಕ್ತವನ್ನ ಹೊರಗೆ ಯಂತ್ರದಲ್ಲಿ ಬಿಸಿ ಮಾಡಿ ವಾಪಸ್ ಹರಿಸಿದರು. ಹೃದಯ ಮತ್ತೆ ಬಡಿಯಿತು. ಅವರು ಚೇತರಿಸಿಕೊಂಡು ವೈದ್ಯ ವೃತ್ತಿಗೂ ಮರಳಿದರು.

ಇಲ್ಲಿ ಗಮನಿಸಬೇಕಾದ್ದು ಕ್ರಮ. ಅನ್ನಾ ಅವರಿಗೆ ಹೃದಯ ನಿಲ್ಲೋ ಮೊದಲೇ ಮೈ ತಣ್ಣಗಾಗಿತ್ತು. ಹಾಗಾಗಿ ಆಮ್ಲಜನಕ ನಿಂತ ಹೊತ್ತಿಗೆ ಮೆದುಳಿಗೆ ಬೇಕಾಗಿದ್ದ ಆಮ್ಲಜನಕವೇ ತುಂಬ ಕಮ್ಮಿ ಆಗಿತ್ತು.

ಅಳಿಲು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದರ ಹೃದಯ ಬಡಿತ ಇಳಿಯೋದು ಮೊದಲು, ಮೈ ತಣ್ಣಗಾಗೋದು ಆಮೇಲೆ. ಒಂದು ಅಂಗಡಿ ಲೆಕ್ಕದಲ್ಲಿ ಹೇಳ್ತೀನಿ. ಸೀಸನ್ ಮುಗೀತು, ವ್ಯಾಪಾರ ಇರಲ್ಲ ಅಂತ ಗೊತ್ತಿರೋ ಮಾಲೀಕ ಮೊದಲೇ ಆರ್ಡರ್ ನಿಲ್ಲಿಸಿ, ಫ್ರಿಜ್ ಖಾಲಿ ಮಾಡಿ, ಲೈಟ್ ಆರಿಸಿ ಶಟರ್ ಎಳೀತಾನೆ. ನಮ್ಮ ದೇಹ ಹಾಗಲ್ಲ. ಚಳಿ ಬಿದ್ರೆ ಕೊನೆ ಪೈಸೆ ತನಕ ಖರ್ಚು ಮಾಡಿ ಹೋರಾಡುತ್ತೆ, ನಡುಗುತ್ತೆ, ಹೀಟರ್ ಹಾಕುತ್ತೆ. ಖಜಾನೆ ಖಾಲಿಯಾದ ಮೇಲೆ ಒಮ್ಮೆಲೇ ಕುಸಿಯುತ್ತೆ. ಚಳಿ ಒಂದೇ. ಒಬ್ಬ ಯೋಜನೆ ಪ್ರಕಾರ ಮುಚ್ಚಿದ, ಇನ್ನೊಬ್ಬ ದಿವಾಳಿ ಆದ.

ಜೀವಕೋಶದ ಒಳಗೆ: ಕ್ಯಾಲ್ಸಿಯಂ ಕಥೆ

ಹೃದಯದ ಒಂದೊಂದು ಸ್ನಾಯು ಕೋಶವೂ ಬಡಿಯೋದು ಕ್ಯಾಲ್ಸಿಯಂನಿಂದ. ಹೌದು, ಹಾಲಲ್ಲಿರೋ ಅದೇ ಕ್ಯಾಲ್ಸಿಯಂ. ವಿದ್ಯುತ್ ಸಂಕೇತ ಬಂದ ಕೂಡಲೇ ಕೋಶದ ಗೋಡೆಯಲ್ಲಿರೋ ಸಣ್ಣ ಬಾಗಿಲುಗಳು ತೆರೆದು ಸ್ವಲ್ಪ ಕ್ಯಾಲ್ಸಿಯಂ ಒಳಗೆ ಬರುತ್ತೆ. ಆ ಸ್ವಲ್ಪ, ಕೋಶದೊಳಗೇ ಇರೋ ಒಂದು ಗೋದಾಮಿನಿಂದ ಇನ್ನೂ ಜಾಸ್ತಿ ಕ್ಯಾಲ್ಸಿಯಂ ಹೊರಗೆ ಬರೋ ಹಾಗೆ ಮಾಡುತ್ತೆ. ಸ್ನಾಯು ಹಿಂಡುತ್ತೆ. ಅದೇ ಬಡಿತ.

ಆದರೆ ಮುಂದಿನ ಬಡಿತಕ್ಕೆ ಮೊದಲು ಆ ಕ್ಯಾಲ್ಸಿಯಂನ ವಾಪಸ್ ಗೋದಾಮಿಗೆ ತುಂಬಬೇಕು. ಅದಕ್ಕೊಂದು ಪಂಪ್ ಇದೆ, ಹೆಸರು ಸರ್ಕಾ. ಇದು ಎಟಿಪಿ ಅನ್ನೋ ಶಕ್ತಿ ಖರ್ಚು ಮಾಡಿ ಕೆಲಸ ಮಾಡುತ್ತೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ನೆನಪಿಸಿಕೊಳ್ಳಿ. ಜೋರು ಮಳೆಗೆ ನೀರು ನುಗ್ಗುತ್ತೆ, ಪಂಪ್ ಹೊರಗೆ ಹಾಕುತ್ತೆ. ಪಂಪ್ ಓಡೋ ತನಕ ತೊಂದರೆ ಇಲ್ಲ. ಪಂಪ್ ನಿಧಾನ ಆದ್ರೆ? ಕಾರೆಲ್ಲ ಮುಳುಗುತ್ತೆ. ಚಳಿಯಲ್ಲಿ ನಮ್ಮ ಹೃದಯ ಕೋಶಕ್ಕೆ ಆಗೋದು ಇದೇ. ಸರ್ಕಾ ಪಂಪ್ ನಿಧಾನ ಆಗಿ, ಕ್ಯಾಲ್ಸಿಯಂ ಕೋಶದೊಳಗೆ ಕಟ್ಟಿಕೊಳ್ಳುತ್ತೆ. ಸ್ನಾಯು ಪೂರ್ತಿ ಸಡಿಲ ಆಗಲ್ಲ, ಹೊತ್ತಿಲ್ಲದ ಹೊತ್ತಲ್ಲಿ ಸಂಕೇತ ಹುಟ್ಟುತ್ತೆ. ಲಯ ತಪ್ಪುತ್ತೆ.

ಚಳಿನಿದ್ದೆ ಮಾಡೋ ಪ್ರಾಣಿಗಳ ಹೃದಯದಲ್ಲಿ ಎರಡು ಕಡೆಯಿಂದ ಬಂದೋಬಸ್ತ್ ಇದೆ. ಹೊರಗಿನಿಂದ ಬರೋ ಕ್ಯಾಲ್ಸಿಯಂ ಕಮ್ಮಿ. ಒಳಗಿನ ಸರ್ಕಾ ಪಂಪ್ ಜಾಸ್ತಿ, ಅದೂ ಚಳಿಯಲ್ಲೂ ಚೆನ್ನಾಗಿ ಓಡುತ್ತೆ. ಬೇಸ್‌ಮೆಂಟ್ ಒಣಗೇ ಇರುತ್ತೆ.

ಎರಡನೇ ಗುಟ್ಟು, ಕೋಶಗಳ ನಡುವಿನ ಸಂಪರ್ಕ. ಹೃದಯದ ಕೋಟಿಗಟ್ಟಲೆ ಕೋಶಗಳು ಒಟ್ಟಿಗೆ ಬಡಿಯಬೇಕಾದ್ರೆ ಸಂಕೇತ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಬೇಕು. ಕನೆಕ್ಸಿನ್ 43 ಅನ್ನೋ ಪ್ರೋಟೀನ್‌ನಿಂದ ಆದ ಸಣ್ಣ ಸುರಂಗಗಳು ಈ ಕೆಲಸ ಮಾಡ್ತವೆ. ಚಳಿಯಲ್ಲಿ ನಮ್ಮ ಹೃದಯದಲ್ಲಿ ಈ ಸಂಪರ್ಕ ದುರ್ಬಲ ಆಗುತ್ತೆ. ಸಂಕೇತ ಒಂದು ಕಡೆ ಬೇಗ, ಇನ್ನೊಂದು ಕಡೆ ತಡ. ಫಿಬ್ರಿಲೇಶನ್‌ಗೆ ಇದೇ ದಾರಿ. ಚಳಿನಿದ್ದೆಯ ಪ್ರಾಣಿಗಳಲ್ಲಿ ಈ ಸುರಂಗಗಳು ಉಳಿದುಕೊಳ್ತವೆ, ಕೆಲವುದರಲ್ಲಿ ಇನ್ನೂ ಜಾಸ್ತಿ ಆಗ್ತವೆ.

ಮೂರನೇದು ಇಂಧನ. ಮಲಗೋ ಮೊದಲು ಅಳಿಲಿನ ಹೃದಯದಲ್ಲಿ ಪಿಡಿಕೆ4 ಅನ್ನೋ ಎನ್‌ಜೈಮ್ ಏರುತ್ತೆ. ಇದು ಸಕ್ಕರೆ ಉರಿಸೋ ದಾರಿಗೆ ಬ್ರೇಕ್ ಹಾಕುತ್ತೆ. ಹೃದಯ ಕೊಬ್ಬಿನ ಮೇಲೆ ಓಡೋಕೆ ಶುರು. ಬೇಸಿಗೆಯಲ್ಲಿ ತಿಂದು ತಿಂದು ಶೇಖರಿಸಿದ ಕೊಬ್ಬು ಇರೋದೇ ಇದಕ್ಕೆ.

ಕಷ್ಟ ಇರೋದು ಮಲಗೋದರಲ್ಲಿ ಅಲ್ಲ, ಏಳೋದರಲ್ಲಿ

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ನೆಲ ಅಳಿಲು ಚಳಿಗಾಲ ಪೂರ್ತಿ ಒಂದೇ ಸಮನೆ ಮಲಗಿರಲ್ಲ. ಎರಡು ಮೂರು ವಾರಕ್ಕೊಮ್ಮೆ ಎದ್ದು, ಒಂದು ದಿನಕ್ಕಿಂತ ಕಮ್ಮಿ ಹೊತ್ತು ಮೈ ಬಿಸಿ ಮಾಡಿಕೊಂಡು, ಮತ್ತೆ ಮಲಗುತ್ತೆ. ಏಳೋದು ಅಂದ್ರೆ ಕೆಲವೇ ಗಂಟೆಯಲ್ಲಿ ಹೆಚ್ಚುಕಡಿಮೆ ಸೊನ್ನೆಯಿಂದ 37 ಡಿಗ್ರಿಗೆ. ಮೊದಲು ಕಂದು ಕೊಬ್ಬು ಉರಿದು ಬಿಸಿ ಹುಟ್ಟುತ್ತೆ, ಆಮೇಲೆ ಸ್ನಾಯುಗಳ ನಡುಕ ಸೇರಿಕೊಳ್ಳುತ್ತೆ. ಐದಿದ್ದ ಬಡಿತ ನೂರುಗಳಿಗೆ ಜಿಗಿಯುತ್ತೆ. ಚಳಿಗಾಲದ ಇಡೀ ಶಕ್ತಿ ಖರ್ಚಿನಲ್ಲಿ ಬಹುಪಾಲು ಹೋಗೋದು ಈ ಏಳೋ ಕೆಲಸಕ್ಕೇ.

ಡಾಕ್ಟರ್‌ಗಳು ಇದನ್ನ ಬೆರಗಿನಿಂದ ನೋಡೋಕೆ ಕಾರಣ ಇದೆ. ಹಾರ್ಟ್ ಅಟ್ಯಾಕ್ ಆದಾಗ ಮುಚ್ಚಿದ ರಕ್ತನಾಳವನ್ನ ಸ್ಟೆಂಟ್ ಹಾಕಿ ತೆರೀತಾರೆ. ಜೀವ ಉಳಿಸೋದು ಅದೇ. ಆದರೆ ರಕ್ತ ಒಮ್ಮೆಲೇ ವಾಪಸ್ ನುಗ್ಗಿದಾಗ, ಅದರ ಜೊತೆ ಬರೋ ಆಮ್ಲಜನಕ ಮತ್ತು ಕ್ಯಾಲ್ಸಿಯಂ ಏರುಪೇರಿನಿಂದ ಒಂದಿಷ್ಟು ಕೋಶಗಳು ಹೊಸದಾಗಿ ಹಾಳಾಗ್ತವೆ. ಇದಕ್ಕೆ ರೀಪರ್ಫ್ಯೂಶನ್ ಹಾನಿ ಅಂತ ಹೆಸರು. ಅಳಿಲು ಒಂದೇ ಚಳಿಗಾಲದಲ್ಲಿ ಎಷ್ಟೋ ಸಲ ಇಂಥ ಪ್ರವಾಹ ತಡೆದುಕೊಳ್ಳುತ್ತೆ, ಹೃದಯಕ್ಕೆ ಗಾಯ ಇಲ್ಲದೆ.

ಕರಡಿಯದ್ದು ಇನ್ನೊಂದು ಒಗಟು. ತಿಂಗಳುಗಟ್ಟಲೆ ಅಲುಗಾಡದೆ ಮಲಗಿದ್ರೂ ಕಾಲಿನ ರಕ್ತ ಹೆಪ್ಪುಗಟ್ಟಲ್ಲ. 2023ರಲ್ಲಿ ಸ್ಕ್ಯಾಂಡಿನೇವಿಯಾದ ಕಂದು ಕರಡಿಗಳ ರಕ್ತ ಪರೀಕ್ಷಿಸಿದ ತಂಡವೊಂದು, ಚಳಿಗಾಲದಲ್ಲಿ ಅವುಗಳ ಪ್ಲೇಟ್‌ಲೆಟ್‌ಗಳಲ್ಲಿ ಎಚ್‌ಎಸ್‌ಪಿ47 ಅನ್ನೋ ಪ್ರೋಟೀನ್ ತೀರಾ ಇಳಿದಿರೋದನ್ನ ತೋರಿಸಿತು. ಬೆನ್ನುಹುರಿ ಪೆಟ್ಟಾಗಿ ದೀರ್ಘಕಾಲದಿಂದ ಓಡಾಡದೆ ಇರೋ ಮನುಷ್ಯರಲ್ಲೂ ಅದು ಕಮ್ಮಿ ಇತ್ತು. ಅಂದ್ರೆ ಈ ಸ್ವಿಚ್ ನಮ್ಮೊಳಗೂ ಇದೆ.

ನಮ್ಮ ಹೃದಯದಲ್ಲೂ ಒಂದು ಚಳಿನಿದ್ದೆ

ಈಗ ಎಕೋ ರಿಪೋರ್ಟ್‌ಗೆ ಬರೋಣ. ಅಪ್ಪನಿಗೋ ದೊಡ್ಡಮ್ಮನಿಗೋ ಎಕೋ ಮಾಡಿಸಿದಾಗ ಇಎಫ್ 35 ಪರ್ಸೆಂಟ್, ಎಡ ಕೋಣೆಯ ಗೋಡೆ ಒಂದು ಕಡೆ ಅಲುಗಾಡ್ತಿಲ್ಲ ಅಂತ ಬರೆದಿರುತ್ತೆ. ಇಎಫ್ ಅಂದ್ರೆ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಭಾಗ ಹೊರಗೆ ಹೋಗುತ್ತೆ ಅನ್ನೋ ಲೆಕ್ಕ. ಮಾಮೂಲಿಯಾಗಿ ಅದು 50ಕ್ಕಿಂತ ಜಾಸ್ತಿ ಇರುತ್ತೆ. ರಿಪೋರ್ಟ್ ನೋಡಿ ಮನೆಯವರು, "ಆ ಭಾಗ ಸತ್ತೇ ಹೋಯ್ತಂತೆ" ಅಂತ ಕೈ ಚೆಲ್ತಾರೆ.

ಕೆಲವು ಸಲ ಅದು ಸತ್ತಿರುತ್ತೆ. ಕೆಲವು ಸಲ ಸತ್ತಿರಲ್ಲ, ಮಲಗಿರುತ್ತೆ.

ವೈದ್ಯಕೀಯದಲ್ಲಿ ಇದಕ್ಕೆ ಹೈಬರ್ನೇಟಿಂಗ್ ಮಯೋಕಾರ್ಡಿಯಂ ಅಂತಲೇ ಹೆಸರು, ಅಂದ್ರೆ ಚಳಿನಿದ್ದೆಗೆ ಜಾರಿದ ಹೃದಯ ಸ್ನಾಯು. ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮಾಡಿದ ಹೃದ್ರೋಗ ತಜ್ಞ ಶಾಹ್‌ಬುದ್ದೀನ್ ರಹೀಮ್‌ತೂಲಾ 1980ರ ದಶಕದಲ್ಲಿ ಈ ಹೆಸರನ್ನ ಬಳಕೆಗೆ ತಂದವರಲ್ಲಿ ಪ್ರಮುಖರು. ಬೈಪಾಸ್ ಆದ ಮೇಲೆ, ಸತ್ತಿದೆ ಅಂದುಕೊಂಡಿದ್ದ ಗೋಡೆ ಕೆಲವು ರೋಗಿಗಳಲ್ಲಿ ಮತ್ತೆ ಅಲುಗಾಡಿದ್ದನ್ನ ವೈದ್ಯರು ಗಮನಿಸಿದ್ದರು. ರಕ್ತನಾಳ ಕಟ್ಟಿಕೊಂಡು ಪೂರೈಕೆ ಕಮ್ಮಿ ಆದಾಗ ಆ ಭಾಗದ ಸ್ನಾಯು ಹಿಂಡೋ ಕೆಲಸ ನಿಲ್ಲಿಸಿ, ಬರೀ ಜೀವ ಉಳಿಸಿಕೊಳ್ಳೋಕೆ ಬೇಕಾದಷ್ಟೇ ಖರ್ಚು ಮಾಡ್ತಾ ಕೂರುತ್ತೆ.

ಸತ್ತಿದೆಯಾ ಮಲಗಿದೆಯಾ ಅಂತ ಗೊತ್ತು ಮಾಡೋದು ಹೇಗೆ? ಡೊಬುಟಮೈನ್ ಅನ್ನೋ ಔಷಧಿಯನ್ನ ಕಮ್ಮಿ ಪ್ರಮಾಣದಲ್ಲಿ ಕೊಟ್ಟು ಎಕೋ ನೋಡ್ತಾರೆ. ಮಲಗಿರೋ ಗೋಡೆ ಸ್ವಲ್ಪ ಅಲುಗಾಡುತ್ತೆ. ಪೆಟ್ ಸ್ಕ್ಯಾನ್‌ನಲ್ಲಿ, ರಕ್ತ ಕಮ್ಮಿ ಹೋಗ್ತಿದ್ರೂ ಸಕ್ಕರೆ ಎಳೆದುಕೊಳ್ತಿರೋ ಭಾಗ ಬೆಳಗುತ್ತೆ. ಎಂಆರ್‌ಐನಲ್ಲಿ ಗಾಯದ ಕಲೆ ಎಷ್ಟು ಆಳ ಇದೆ ಅಂತ ಕಾಣುತ್ತೆ.

ಅಳಿಲಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಮರೀಬೇಡಿ. ಅಳಿಲಿನದ್ದು ತಾನಾಗೇ ಎಳೆದ ಶಟರ್. ನಮ್ಮದು ಬಲವಂತದ್ದು. ಬಹಳ ಕಾಲ ಹೀಗೇ ಬಿಟ್ರೆ ಆ ಕೋಶಗಳು ಹಿಂಡೋ ಎಳೆಗಳನ್ನೇ ಕಳೆದುಕೊಳ್ತವೆ, ಸುತ್ತ ನಾರು ಬೆಳೆಯುತ್ತೆ. ಕೊನೆಗೆ ಎಬ್ಬಿಸೋಕೆ ಏನೂ ಉಳಿಯಲ್ಲ.

ಹಾಗಾದ್ರೆ ಮಲಗಿರೋ ಭಾಗ ಕಂಡ್ರೆ ಎಲ್ರಿಗೂ ಸ್ಟೆಂಟ್ ಹಾಕಿಸಿಬಿಡೋದಾ? ಅಷ್ಟು ಸರಳ ಇಲ್ಲ. ಬ್ರಿಟನ್‌ನಲ್ಲಿ ಇಂಥ 700 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ರಿವೈವ್ಡ್ ಅಧ್ಯಯನದಲ್ಲಿ, ಒಳ್ಳೆ ಔಷಧಿಗಳ ಜೊತೆ ಸ್ಟೆಂಟ್ ಹಾಕಿದ್ದರಿಂದ ಸಾವಾಗಲಿ, ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರೋದಾಗಲಿ ಕಮ್ಮಿ ಆಗಲಿಲ್ಲ. ಇನ್ನೊಂದು ಕಡೆ, ಹೃದಯ ದುರ್ಬಲ ಆಗಿದ್ದ 1,212 ರೋಗಿಗಳ ಸ್ಟಿಚ್ ಅಧ್ಯಯನದ ಹತ್ತು ವರ್ಷದ ಲೆಕ್ಕ 2016ರಲ್ಲಿ ಬಂತು. ಬೈಪಾಸ್ ಮಾಡಿಸಿಕೊಂಡವರಲ್ಲಿ ಸತ್ತವರು ಸುಮಾರು 59 ಪರ್ಸೆಂಟ್, ಬರೀ ಔಷಧಿಯಲ್ಲಿದ್ದವರಲ್ಲಿ 66. ಲಾಭ ಇದೆ. ಆದರೆ ಮಲಗಿರೋ ಸ್ನಾಯು ಇದ್ದವರಿಗೇ ಆ ಲಾಭ ಜಾಸ್ತಿ ಸಿಕ್ತು ಅಂತ ಆ ಅಧ್ಯಯನ ತೋರಿಸಲಿಲ್ಲ.

ಹಾಗಾಗಿ ನೀವು ಮಾಡಬಹುದಾದ್ದು ಇಷ್ಟು. ರಿಪೋರ್ಟ್ ಹಿಡಿದು ಗಾಬರಿ ಆಗೋ ಬದಲು ಹೃದ್ರೋಗ ತಜ್ಞರ ಹತ್ರ ಮೂರು ಪ್ರಶ್ನೆ ಕೇಳಿ. ಆ ಭಾಗ ಜೀವಂತ ಇದೆಯಾ, ವಯಬಿಲಿಟಿ ಟೆಸ್ಟ್ ಬೇಕಾ? ನಮ್ಮ ರೋಗಿಗೆ ಔಷಧಿ, ಸ್ಟೆಂಟ್, ಬೈಪಾಸ್ ಇವುಗಳಲ್ಲಿ ಯಾವುದು, ಯಾಕೆ? ಹೃದಯ ವೈಫಲ್ಯದ ಔಷಧಿಗಳೆಲ್ಲ ಸರಿಯಾದ ಪ್ರಮಾಣದಲ್ಲಿ ನಡೀತಿದೆಯಾ? ಔಷಧಿ ಮಾತ್ರ ನೀವಾಗೇ ನಿಲ್ಲಿಸಬೇಡಿ.

ನಾಲ್ಕು ಗಂಟೆಯ ಗಡಿಯಾರ

ಅಳಿಲಿನ ಪಾಠ ಬೇಗ ಕೈಗೆ ಬರಬಹುದಾದ ಜಾಗ ಅಂಗಾಂಗ ಕಸಿ. ದಾನಿಯ ಹೃದಯವನ್ನ ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿ ಇಟ್ಟರೆ ಸುರಕ್ಷಿತ ಅವಧಿ ನಾಲ್ಕು ಗಂಟೆಯ ಆಸುಪಾಸು. ಕಿಡ್ನಿಗೆ ಒಂದು ದಿನಕ್ಕೂ ಹೆಚ್ಚು ಸಿಗುತ್ತೆ, ಹೃದಯಕ್ಕೆ ಇಲ್ಲ. ನಮ್ಮ ಊರುಗಳಲ್ಲಿ ಟ್ರಾಫಿಕ್ ನಿಲ್ಲಿಸಿ ಗ್ರೀನ್ ಕಾರಿಡಾರ್ ಮಾಡೋದು ಇದಕ್ಕೇ. 2025ರ ಜನವರಿಯಲ್ಲಿ ಹೈದರಾಬಾದ್ ಮೆಟ್ರೋದಲ್ಲಿ ಒಂದು ಹೃದಯ 13 ಕಿಲೋಮೀಟರ್ ದೂರವನ್ನ 13 ನಿಮಿಷದಲ್ಲಿ ದಾಟಿತು.

ಆ ಐಸ್ ಪೆಟ್ಟಿಗೆಯಲ್ಲಿ ಕೋಶಕ್ಕೆ ಏನಾಗುತ್ತೆ? ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯ ವೇಯ್ ಲೀ ತಂಡ 2018ರಲ್ಲಿ ಇದನ್ನ ನರಕೋಶಗಳಲ್ಲಿ ನೋಡಿತು. ನೆಲ ಅಳಿಲಿನ ಕೋಶಗಳಿಂದ ಕಾಂಡಕೋಶ ಮಾಡಿ, ಅದರಿಂದ ನರಕೋಶ ಬೆಳೆಸಿ, ಮನುಷ್ಯರ ನರಕೋಶದ ಜೊತೆ ತಣ್ಣಗೆ ಇಟ್ಟರು. ಕೋಶಕ್ಕೆ ಆಕಾರ ಕೊಡೋ ಒಳಗಿನ ಕೊಳವೆಗಳು ಮನುಷ್ಯರದ್ದರಲ್ಲಿ ಮುರಿದು ಬಿದ್ದವು, ಅಳಿಲಿನದ್ದರಲ್ಲಿ ನಿಂತಿದ್ದವು. ಅಂದ್ರೆ ಈ ತಾಳಿಕೆ ಅಳಿಲಿನ ಮೆದುಳೋ ಹಾರ್ಮೋನೋ ಕೊಡೋದಲ್ಲ, ಕೋಶದೊಳಗೇ ಇದೆ. ಚಳಿಯಲ್ಲಿ ನಮ್ಮ ಕೋಶದ ಮೈಟೊಕಾಂಡ್ರಿಯಾ ಹಾನಿಕಾರಕ ಆಮ್ಲಜನಕ ಕಣಗಳನ್ನ ಉಗುಳುತ್ತೆ, ಪ್ರೋಟೀನ್ ಕತ್ತರಿಸೋ ಎನ್‌ಜೈಮ್‌ಗಳು ಸೋರುತ್ತವೆ. ಇವೆರಡನ್ನೂ ಔಷಧಿಯಿಂದ ತಡೆದಾಗ ಮನುಷ್ಯರ ನರಕೋಶಗಳೂ ಚಳಿ ತಡೆದುಕೊಂಡವು. ಚಳಿನಿದ್ದೆ ಮಾಡದ ದಂಶಕಗಳ ಕಿಡ್ನಿಯೂ ಐಸ್‌ನಲ್ಲಿ ಚೆನ್ನಾಗಿ ಉಳಿಯಿತು. ಹೃದಯಕ್ಕೂ ಇದು ಒಗ್ಗಿದರೆ ನಾಲ್ಕು ಗಂಟೆ ಇನ್ನಷ್ಟು ಗಂಟೆ ಆಗಬಹುದು. ಆಗ ಬೆಳಗಾವಿಯ ದಾನಿಯ ಹೃದಯ ದೂರದ ಊರಿನ ರೋಗಿಗೂ ತಲುಪಬಹುದು.

ಬರೀ ತಂಪು ಮಾಡಿದ್ರೆ ಸಾಲದು

ಇಡೀ ಮನುಷ್ಯನನ್ನೇ ಮಲಗಿಸೋದು? ಜಪಾನ್‌ನ ತ್ಸುಕುಬಾ ವಿಶ್ವವಿದ್ಯಾಲಯದವರು 2020ರಲ್ಲಿ ಇಲಿಮರಿಗಳ ಮೆದುಳಿನ ಒಂದು ಸಣ್ಣ ನರಕೋಶ ಗುಂಪನ್ನ ಪ್ರಚೋದಿಸಿ ಚಳಿನಿದ್ದೆಯಂಥ ಸ್ಥಿತಿ ತಂದರು. 2023ರಲ್ಲಿ ಅಮೆರಿಕದ ಒಂದು ತಂಡ ತಲೆಯ ಹೊರಗಿನಿಂದ ಅಲ್ಟ್ರಾಸೌಂಡ್ ಹಾಯಿಸಿ ಇದನ್ನೇ ಮಾಡಿತು, ಸಹಜವಾಗಿ ಹೀಗೆ ಮಲಗದ ದೊಡ್ಡ ಇಲಿಗಳಲ್ಲೂ. ಮನುಷ್ಯರ ತನಕ ಇನ್ನೂ ದೂರ ಇದೆ.

ಬರೀ ಮೈ ತಂಪು ಮಾಡೋದರ ಅನುಭವ ಎಚ್ಚರಿಕೆ ಹೇಳುತ್ತೆ. ಹೃದಯ ನಿಂತು ಬದುಕಿದವರನ್ನ 33 ಡಿಗ್ರಿಗೆ ಇಳಿಸಿದ್ರೆ ಒಳ್ಳೇದು ಅಂತ 2002ರಲ್ಲಿ ಆಸೆ ಹುಟ್ಟಿತ್ತು. 2021ರ ದೊಡ್ಡ ಅಧ್ಯಯನದಲ್ಲಿ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಟ್ಟುವಾಗ ಉಸಿರುಗಟ್ಟಿದ ಶಿಶುಗಳನ್ನ ತಂಪು ಮಾಡೋ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ನಡೀತಿದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಶಿಶುಗಳ ಮೇಲೆ ನಡೆದು 2021ರಲ್ಲೇ ಪ್ರಕಟವಾದ ಹೀಲಿಕ್ಸ್ ಅಧ್ಯಯನದಲ್ಲಿ ತಂಪು ಮಾಡಿದ ಗುಂಪಲ್ಲೇ ಸಾವು ಹೆಚ್ಚಿತ್ತು.

ಅಳಿಲು ಹೇಳಿಕೊಡೋದೂ ಅದನ್ನೇ. ಚಳಿ ಅನ್ನೋದು ಕೊನೆಯಲ್ಲಿ ಕಾಣೋ ಲಕ್ಷಣ ಅಷ್ಟೇ. ಅದಕ್ಕೂ ಮೊದಲು ಪಂಪ್, ಸುರಂಗ, ಇಂಧನ ಎಲ್ಲ ಸಿದ್ಧ ಆಗಿರುತ್ತೆ. ಆ ಸಿದ್ಧತೆ ಇಲ್ಲದ ದೇಹವನ್ನ ತಣ್ಣಗೆ ಮಾಡಿದ್ರೆ ಅದು ಚಳಿನಿದ್ದೆ ಆಗಲ್ಲ, ಬರೀ ಚಳಿ ಆಗುತ್ತೆ.

ಇವತ್ತಿಗೆ ಇಷ್ಟು. ಮನೆಯಲ್ಲಿ ಯಾರಾದ್ರೂ ಎಕೋ ರಿಪೋರ್ಟ್ ನೋಡಿ ಧೈರ್ಯ ಕಳ್ಕೊಂಡಿದ್ರೆ ಈ ಎಪಿಸೋಡ್ ಅವರಿಗೆ ಕಳಿಸಿ, ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಆ ಮೂರು ಪ್ರಶ್ನೆ ಫೋನಲ್ಲಿ ಬರ್ಕೊಂಡು ಹೋಗಿ.